ಅನುದಾನವಿಲ್ಲದ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೇ, ಸುಧಾರಿಸಬೇಕೇ?

ಸುಧಾರಿಸುವುದೇ ಸರಿ, ಆದರೆ ಉಳಿಸಬೇಕಾದದ್ದು ಕ್ಯಾಂಪಸ್ಸನ್ನೇ ಹೊರತು ಕುಲಪತಿ ಹುದ್ದೆಯನ್ನಲ್ಲ. 2025ರ ಫೆಬ್ರುವರಿಯಲ್ಲಿ ಕರ್ನಾಟಕದ ಸಚಿವ ಸಂಪುಟ ಉಪಸಮಿತಿಯು ಸಂಪನ್ಮೂಲದ ಕೊರತೆಯನ್ನು ಮುಂದಿಟ್ಟು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಲು ಒಲವು ತೋರಿತು. ಹಣ ಕೊಡದೆ, ಅತಿಥಿ ಉಪನ್ಯಾಸಕರನ್ನೇ ನೆಚ್ಚಿ ನಡೆಸಿದ ಸಂಸ್ಥೆ ಸೊರಗಿದೆಯೆಂದು ಅದನ್ನೇ ದೂರುವುದು ವಿಚಿತ್ರ ನ್ಯಾಯ.

ಆ ಒಂಬತ್ತರಲ್ಲೊಂದಾದ ಕೊಡಗು ವಿಶ್ವವಿದ್ಯಾಲಯದ ಚಿಕ್ಕ ಅಳುವಾರದ ಕ್ಯಾಂಪಸ್ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಅದನ್ನು ಮತ್ತೆ ಮಾತೃಸಂಸ್ಥೆಗೆ ಸೇರಿಸಿದರೆ ಕುಲಸಚಿವರು, ಹಣಕಾಸು ಅಧಿಕಾರಿ ಎಂಬ ಇಮ್ಮಡಿ ಖರ್ಚು ತಪ್ಪಿ, ತರಗತಿಗಳು, ಗ್ರಂಥಾಲಯ, ಹಾಸ್ಟೆಲ್‌ಗಳು ಇದ್ದಲ್ಲೇ ಉಳಿಯುತ್ತವೆ. ಬೇಡಿಕೆಯೇ ಇಲ್ಲದ ವಿಭಾಗಗಳನ್ನು ಕೈಬಿಡಲಿ, ಅಡ್ಡಿಯಿಲ್ಲ. ಅಂಕಪಟ್ಟಿಯ ತಿದ್ದುಪಡಿಗೆ ವಿದ್ಯಾರ್ಥಿ ಘಟ್ಟ ಇಳಿದು ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಗೆ ಅಲೆಯದಂತೆ ಪರೀಕ್ಷಾ ಶಾಖೆಯೊಂದನ್ನು ಮಾತ್ರ ಅಲ್ಲಿಯೇ ಇರಿಸಬೇಕು.