ಸಭೆಯಲ್ಲಿ ಕೇಳಿದ ‘ಹೈ’ ಒಪ್ಪಿಗೆಯೆ?

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಕಳೆದ ತಿಂಗಳ ವಿಡಿಯೊ ಸಭೆಯಲ್ಲಿ ನಮ್ಮ ಹೊಸ ವಿನ್ಯಾಸವನ್ನು ವಿವರಿಸುವಾಗ ಜಪಾನಿನ ಗ್ರಾಹಕ ಕಂಪನಿಯವರು ಉದ್ದಕ್ಕೂ ‘ಹೈ, ಹೈ’ ಎಂದು ತಲೆಯಾಡಿಸಿ, ಕೊನೆಗೆ ‘ಪರಿಶೀಲಿಸುತ್ತೇವೆ’ ಎಂದರು. ನಮ್ಮ ಅಮೆರಿಕನ್ ಮೇಲಧಿಕಾರಿ ಅದನ್ನು ಒಪ್ಪಿಗೆಯೆಂದೇ ಭಾವಿಸಿದರು. ಮೂರು ವಾರಗಳಾದರೂ ಉತ್ತರವಿಲ್ಲ. ‘ಹೌದೋ ಅಲ್ಲವೋ, ಶುಕ್ರವಾರದೊಳಗೆ ತಿಳಿಸಿ’ ಎಂದು ಅವರ ವಿಭಾಗದ ಮುಖ್ಯಸ್ಥರಿಗೇ ಇಮೇಲ್ ಕಳುಹಿಸುವಂತೆ ನನಗೆ ಸೂಚಿಸಿದ್ದಾರೆ. ಕಳುಹಿಸಲೆ?

ಉತ್ತರ: ದಯವಿಟ್ಟು ಸದ್ಯಕ್ಕೆ ಕಳುಹಿಸಬೇಡಿ. ‘ಹೈ’ ಎಂಬುದಕ್ಕೆ ನಿಘಂಟಿನಲ್ಲಿ ‘ಹೌದು’ ಎಂಬ ಅರ್ಥವಿದ್ದರೂ, ಮಾತಿನ ನಡುವೆ ಬಂದಾಗ ಅದು ಬಹುಮಟ್ಟಿಗೆ ನಮ್ಮ ‘ಹ್ಞೂಂ’ ಇದ್ದಂತೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಸೂಚನೆಯಷ್ಟೆ. ಜಪಾನೀಯರು ಇದನ್ನು ‘ಐಜುಚಿ’ ಎನ್ನುತ್ತಾರೆ. ‘ಪರಿಶೀಲಿಸುತ್ತೇವೆ’ ಎಂಬುದರ ಹಿಂದಿನ ಮೂಲ ಮಾತು ‘ಕೆಂತೋ ಶಿಮಾಸು’ ಎಂದಿರಬಹುದು. ಹೆಣ್ಣು ನೋಡಲು ಬಂದವರು ‘ನೋಡೋಣ, ತಿಳಿಸುತ್ತೇವೆ’ ಎಂದು ಹೊರಟಾಗ ನಮ್ಮ ಹಿರಿಯರು ದನಿಯಿಂದಲೇ ಅರ್ಥ ಊಹಿಸುತ್ತಿದ್ದಂತೆ, ಈ ಮಾತನ್ನೂ ಸಂದರ್ಭ ನೋಡಿಯೇ ತಿಳಿಯಬೇಕು: ಅದು ನಯವಾದ ನಿರಾಕರಣೆಯೂ ಆಗಿರಬಹುದು, ನಿಜವಾದ ಪರಿಶೀಲನೆಯೂ ಆಗಿರಬಹುದು.

ನಿಮ್ಮ ಮೇಲಧಿಕಾರಿಗೆ ಮುಖ್ಯವಾಗಿ ಮನದಟ್ಟು ಮಾಡಬೇಕಾದದ್ದು ಬೇರೆಯೇ ಇದೆ. ಅಮೆರಿಕನ್ನರಿಗೆ ಸಭೆಯೆಂದರೆ ವಾದಿಸಿ ನಿರ್ಧರಿಸುವ ಜಾಗ. ಜಪಾನಿನ ಸಾಂಪ್ರದಾಯಿಕ ಕಂಪನಿಗಳಲ್ಲಿ ಅದು ಬಹುತೇಕ ಈಗಾಗಲೇ ಮೂಡಿರುವ ಒಮ್ಮತವನ್ನು ಎಲ್ಲರೆದುರು ದೃಢಪಡಿಸುವ ಜಾಗ. ಒಮ್ಮತ ಮೂಡುವ ಕ್ರಮಕ್ಕೆ ‘ನೆಮವಾಶಿ’ ಎಂಬ ಹೆಸರಿದೆ. ಮರವನ್ನು ಕಿತ್ತು ಬೇರೆಡೆ ನೆಡುವ ಮೊದಲು ಅದರ ಬೇರಿನ ಸುತ್ತ ಅಗೆದು ಸಿದ್ಧಗೊಳಿಸುವುದು ಈ ಪದದ ಮೂಲ ಅರ್ಥ. ಪ್ರಸ್ತಾಪದಿಂದ ಬಾಧಿತರಾಗುವ ಪ್ರತಿ ವಿಭಾಗದವರೊಂದಿಗೂ ಮೊದಲೇ ಖಾಸಗಿಯಾಗಿ ಮಾತನಾಡಿ, ಆಕ್ಷೇಪಗಳನ್ನು ಸರಿಪಡಿಸಿದ ಬಳಿಕ ‘ರಿಂಗಿಶೋ’ ಎಂಬ ಪ್ರಸ್ತಾವಪತ್ರ ಒಬ್ಬರಿಂದೊಬ್ಬರಿಗೆ ಸಾಗುತ್ತ, ಪ್ರತಿ ಹಂತದಲ್ಲೂ ಮೊಹರು ಪಡೆಯುತ್ತದೆ. ಇದು ನಿಧಾನ, ನಿಜ; ಆದರೆ ಒಮ್ಮೆ ತೀರ್ಮಾನವಾದರೆ ಜಾರಿ ಬೇಗ ಆಗುತ್ತದೆ, ಏಕೆಂದರೆ ವಿರೋಧಿಸುವವರು ಆ ವೇಳೆಗೆ ಉಳಿದಿರುವುದಿಲ್ಲ. ಇಂಥ ಹೊತ್ತಿನಲ್ಲಿ ಮುಖ್ಯಸ್ಥರಿಗೆ ನೇರವಾಗಿ ಗಡುವು ವಿಧಿಸಿದರೆ, ನಿಮ್ಮ ಪರವಾಗಿ ಒಳಗೆ ಓಡಾಡುತ್ತಿರುವ ಕಿರಿಯ ಅಧಿಕಾರಿಯ ಮುಖಭಂಗವಾಗುತ್ತದೆ. ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಆದ್ದರಿಂದ ನಿಮ್ಮ ಕೆಲಸದ ಹೊಣೆ ಹೊತ್ತಿರುವ ಆ ‘ತಾಂತೋಶಾ’ಗೆ ಒಬ್ಬರಿಗೇ ಕರೆ ಮಾಡಿ. ‘ಒಪ್ಪಿದ್ದೀರಾ?’ ಎಂದು ಕೇಳಬೇಡಿ. ‘ಯಾವ ವಿಭಾಗದವರಿಗೆ ಇನ್ನಷ್ಟು ವಿವರ ಬೇಕಾಗಬಹುದು? ಪರೀಕ್ಷಾ ವರದಿ ಕಳುಹಿಸಿದರೆ ನಿಮಗೆ ಅನುಕೂಲವೆ?’ ಎಂದು ಕೇಳಿ. ಪ್ರಶ್ನೆಯ ನಂತರದ ಮೌನವನ್ನು ತುಂಬಲು ಆತುರಪಡಬೇಡಿ, ಅವರು ಯೋಚಿಸುತ್ತಿರುತ್ತಾರೆ. ನಿಮ್ಮ ಉತ್ಪಾದನಾ ವೇಳಾಪಟ್ಟಿಗೆ ಉತ್ತರ ಎಂದು ಬೇಕು, ಏಕೆ ಬೇಕು ಎಂಬುದನ್ನು ಮುಚ್ಚಿಡದೆ ಹೇಳಿ. ಕಾರಣಸಹಿತವಾದ ದಿನಾಂಕವನ್ನು ಅವರು ತಮ್ಮವರ ಮುಂದೆ ಇಡಬಲ್ಲರು. ಅಲ್ಲಿನ ಬಹುತೇಕ ಕಂಪನಿಗಳ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದು, ಏಪ್ರಿಲ್ 1ರಂದು ಅನೇಕರ ವರ್ಗಾವಣೆಯಾಗುವುದರಿಂದ, ಆ ದಿನಗಳಾದರೆ ನಿಮ್ಮ ತಾಂತೋಶಾ ಬದಲಾಗಲಿದ್ದಾರೆಯೇ ಎಂದೂ ವಿಚಾರಿಸಿ.

ಅವರು ಉಸಿರೆಳೆದುಕೊಂಡು ‘ಮುಜುಕಶೀ’, ಅಂದರೆ ‘ಕಷ್ಟ’ ಎಂದರೆ, ಅದನ್ನು ‘ಇಲ್ಲ’ ಎಂದೇ ತಿಳಿದು, ಬೆಲೆ, ಅವಧಿ, ವಿನ್ಯಾಸ ಇವುಗಳಲ್ಲಿ ಯಾವುದನ್ನು ಬದಲಿಸಿದರೆ ಕಷ್ಟ ಕಡಿಮೆಯಾದೀತು ಎಂದು ಕೇಳಿ, ಅದರಂತೆ ಹೊಸ ಪ್ರಸ್ತಾಪ ಸಿದ್ಧಪಡಿಸಿ.