ವಾರಗಿತ್ತಿಗೆ ಹಾಲೋ ಹಾಲು, ನನಗ್ಯಾಕೆ ಇಲ್ಲ?

ಪ್ರಶ್ನೆ: ಡಾಕ್ಟರೇ, ಇದು ಚೊಚ್ಚಲ ಹೆರಿಗೆ. ಸಿಸೇರಿಯನ್ ಆಗಿ ಹನ್ನೆರಡು ದಿನವಾಯಿತು, ತವರಿನಲ್ಲಿದ್ದೇನೆ. ಮೊದಲ ಮೂರು ದಿನ ಹಳದಿ ನೀರಿನಂಥದ್ದು ನಾಲ್ಕು ಹನಿ ಬಿಟ್ಟರೆ ಹಾಲೇ ಬರಲಿಲ್ಲ. ಪುಡಿ ಹಾಲು ಶುರುವಾಯಿತು, ಈಗಲೂ ದಿನಕ್ಕೆರಡು ಸಲ ಬಾಟಲಿಯಲ್ಲಿ ಕೊಡುತ್ತೇನೆ. ವಾರಗಿತ್ತಿಗೆ ನಾರ್ಮಲ್ ಆಗಿತ್ತು, ಮಾರನೇ ದಿನವೇ ಸೀರೆ ಒದ್ದೆಯಾಗುವಷ್ಟು ಹಾಲು. 'ಹೊಟ್ಟೆ ಕೊಯ್ಸಿಕೊಂಡವರಿಗೆ ಹಾಲು ಇಳಿಯಲ್ಲ' ಅಂತಾರೆ ಅತ್ತೆ. ಮಗು ಹುಟ್ಟಿದಾಗ 2.8 ಕೆಜಿ, ಮನೆಗೆ ಬರುವಾಗ 2.6, ನಿನ್ನೆ 2.85. ನನಗೆ ಹಾಲು ಕಮ್ಮಿಯೇ?
– ಹೆಸರು ಬೇಡ, ಹಾಸನ

ಉತ್ತರ: ನೀವೇ ಕೊಟ್ಟ ತೂಕದಲ್ಲಿ ಅರ್ಧ ಉತ್ತರ ಇದೆ. ಮಕ್ಕಳು ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯೋದು ಮಾಮೂಲು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಬಂದರೆ ಸರಿ. ನಿಮ್ಮ ಮಗು ಆಗಲೇ ಅದನ್ನು ದಾಟಿದೆ. ಬರೀ ಎರಡು ಬಾಟಲಿಯಿಂದ ಇದಾಗಲ್ಲ, ಉಳಿದದ್ದು ನಿಮ್ಮದೇ ಹಾಲು. ಆ ಹಳದಿ ಹನಿಗಳೂ ಹಾಲೇ. ಮೊದಲ ದಿನ ಮಗುವಿಗೆ ಒಂದು ಸಲಕ್ಕೆ ಒಂದು ಚಮಚ ಸಿಕ್ಕರೆ ಜಾಸ್ತಿಯೇ ಆಯಿತು.

ಹಾಲು ಶುರುವಾಗಲು ಮೈಗೆ ಸೂಚನೆ ಸಿಗೋದು ಮಾಸು ಹೊರಬಂದಾಗ. ಅದು ಯಾವ ದಾರಿಯಲ್ಲಿ ಬಂತು ಅಂತ ಎದೆಗೇನು ಗೊತ್ತು? ಸಿಸೇರಿಯನ್ ಆದವರಿಗೆ ಒಂದೆರಡು ದಿನ ತಡವಾಗೋದು ಹೆಚ್ಚಾಗಿ ನೋವು, ಸುಸ್ತು, ಮಗುವನ್ನು ಎದೆಗೆ ಹಾಕೋದೇ ತಡವಾಗೋದು, ಇವುಗಳಿಂದ. ಚೊಚ್ಚಲಿಗೂ ಸ್ವಲ್ಪ ನಿಧಾನ. ವಾರಗಿತ್ತಿಯದು ಎರಡನೇ ಹೆರಿಗೆ ಆಗಿದ್ದರೆ ಹೋಲಿಸಿ ಪ್ರಯೋಜನವೇ ಇಲ್ಲ ಅಲ್ವಾ?

ಈಗ ಮಾಡಬೇಕಾದದ್ದು. ಹೊಲಿಗೆ ಮೇಲೆ ಭಾರ ಬೀಳದ ಹಾಗೆ ಮಗುವನ್ನು ಕಂಕುಳ ಕೆಳಗೆ, ಕಾಲು ಹಿಂದಕ್ಕೆ ಬರುವಂತೆ ಹಿಡಿಯಿರಿ. ಬಾಯಿ ಆಕಳಿಸಿದಷ್ಟು ಅಗಲವಾಗಲಿ, ಆಮೇಲೆ ಎದೆಗೆ ಹಾಕಿ. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು, ಗಲ್ಲ ಎದೆಗೆ ತಾಗಬೇಕು. ಕುಡಿಸುವಾಗ ನೋವು ನಿಲ್ಲದಿದ್ದರೆ ಕಿರುಬೆರಳು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಾಕಿ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಸಿ, ರಾತ್ರಿ ತಪ್ಪಿಸಬೇಡಿ. ಮಗು ಎಷ್ಟು ಕುಡಿಯುತ್ತೋ ಅಷ್ಟು ಹಾಲು ಉತ್ಪತ್ತಿಯಾಗುತ್ತೆ.

ಪುಡಿ ಹಾಲು ಕೊಟ್ಟಿದ್ದು ಅಪರಾಧವೇನಲ್ಲ, ಅತ್ತುಕೊಂಡು ಕೂರಬೇಡಿ. ಮಕ್ಕಳ ಡಾಕ್ಟರ ಹತ್ತಿರ ತೂಕ ನೋಡಿಸುತ್ತಾ ನಿಧಾನವಾಗಿ ಕಮ್ಮಿ ಮಾಡಿ. ಅಲ್ಲಿಯವರೆಗೆ ಬಾಟಲಿ ಬದಲು ಚೆನ್ನಾಗಿ ಕುದಿಸಿದ ಒಳಲೆಯಲ್ಲಿ ಕೊಡಿ. ದಿನಕ್ಕೆ ಆರು ಸಲಕ್ಕಿಂತ ಕಮ್ಮಿ ಉಚ್ಚೆ ಮಾಡಿದರೆ, ಅಥವಾ ಎಬ್ಬಿಸಿದರೂ ಕುಡಿಯದೆ ಮಂಕಾಗಿ ಮಲಗಿದ್ದರೆ ಅವತ್ತೇ ತೋರಿಸಿ.

ಪ್ರಶ್ನೆ: ಇಲ್ಲಿ ವಿಪರೀತ ಬಿಸಿಲು. ಒಂದು ತಿಂಗಳ ಮೊಮ್ಮಗನಿಗೆ ಚೂರು ನೀರು, ನಾಲಿಗೆಗೆ ಜೇನುತುಪ್ಪ ಹಚ್ಚಬಹುದೇ? ಬಾಣಂತಿಗೆ ಮಾತ್ರ ನಾವು ನೀರು ಜಾಸ್ತಿ ಕೊಡುವುದಿಲ್ಲ.
– ಒಬ್ಬ ಅಜ್ಜಿ, ಕಲಬುರಗಿ

ಉತ್ತರ: ಎರಡೂ ಬೇಡ ಅಜ್ಜಿ. ಆರು ತಿಂಗಳವರೆಗೆ ಎದೆಹಾಲೇ ಸಾಕು, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಇದೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡ, ಅದರಿಂದ ಬಾಟುಲಿಸಂ ಅನ್ನೋ ಅಪಾಯದ ಕಾಯಿಲೆ ಬರಬಹುದು. ನೀರು ಬೇಕಾಗಿರೋದು ನಿಮ್ಮ ಮಗಳಿಗೋ ಸೊಸೆಗೋ. ಬೆಳ್ಳುಳ್ಳಿ, ಸಬ್ಬಸಿಗೆ, ಅಂಟಿನುಂಡೆ ಎಲ್ಲ ಕೊಡಿ, ಪಕ್ಕದಲ್ಲಿ ಒಂದು ತಂಬಿಗೆ ನೀರೂ ಇಡಿ. ಬಾಯಾರಿದಾಗೆಲ್ಲ ಕುಡಿಯಲಿ.