ಪ್ರತಿಕ್ರಿಯೆ: ನೊವೆನಾ ಮುಗಿದರೂ ಅವಳು ಬ್ಲಾಕ್ ತೆಗೆದಿಲ್ಲ

ನೀವು ಪ್ರೀತಿಸುವ ಹುಡುಗಿ ಫೋನಿನಲ್ಲಿ ನಿಮ್ಮನ್ನು ಬ್ಲಾಕ್ ಮಾಡಿದ್ದಾಳೆ, ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಮುಗಿದರೂ ಅದನ್ನು ತೆಗೆದಿಲ್ಲ ಅಂತ ಬರೆದಿದ್ದೀರಿ. ಪ್ರಾರ್ಥನೆಯಲ್ಲಿ ಕೊರತೆ ಇರಲಿಕ್ಕಿಲ್ಲ, ಕ್ಷಮೆ ಕೇಳುವುದು ಬಾಕಿ ಇದೆ. ಮಂಗಳೂರಿನ ಬಿಕರ್ನಕಟ್ಟೆಯ ಬಾಲಯೇಸುವಿನ ಮುಂದೆ ಒಂಬತ್ತು ದಿನ ಮೊಂಬತ್ತಿ ಹಚ್ಚಿದಿರಿ. ಆದರೆ ಅವಳ ಅಮ್ಮನೆದುರು ಆಡಿದ ಮಾತಿಗೆ ಒಮ್ಮೆಯೂ ಕ್ಷಮೆ ಕೇಳಿಲ್ಲ ಅಂತ ನೀವೇ ಬರೆದಿದ್ದೀರಿ. ಬೈಬಲಿನ ಮತ್ತಾಯ 5:23-24 ಹೇಳುವುದೂ ಇದನ್ನೇ: ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗು.

ಬೇರೆ ನಂಬರಿನಿಂದ ಮೆಸೇಜ್ ಹಾಕುವುದನ್ನು ಇವತ್ತೇ ನಿಲ್ಲಿಸಿ. ಬ್ಲಾಕ್ ಮಾಡಿದವರಿಗೆ ಅದು ಪ್ರೀತಿಯಲ್ಲ, ಕಾಟ. ಆಮೇಲೆ ಪಾಪನಿವೇದನೆ ಮಾಡಿ, ಅಂದರೆ ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳಿ. ನಿಮ್ಮ ಚರ್ಚಿನಲ್ಲಿ ಮುಜುಗರವಾದರೆ ಮಂಗಳೂರಿನ ಮಿಲಾಗ್ರಿಸ್ ಚರ್ಚಿಗೋ ಕಾರ್ಕಳದ ಅತ್ತೂರು ಚರ್ಚಿಗೋ ಹೋಗಿ.

ನಂತರ ಅವಳಿಗೆ ಒಂದೇ ಒಂದು ಪತ್ರ, ಕೈಬರಹದಲ್ಲಿ. ನಾನೂ ಒಮ್ಮೆ ಹೀಗೇ ಕ್ಷಮೆ ಕೇಳಿ ಬರೆದಾಗ ಮೂರು ಪುಟ ಆಗಿತ್ತು; ಹರಿದು ನಾಲ್ಕು ಸಾಲಿಗೆ ಇಳಿಸಿದೆ. ಏನು ಅಂದೆ, ಯಾರಿಗೆ ನೋವಾಯಿತು, ತಪ್ಪು ನನ್ನದು, ಅಷ್ಟೇ. ‘ಆದರೆ ನೀನೂ...’ ಅಂತ ಪೆನ್ನು ಹೊರಟರೆ ಹೊಸ ಹಾಳೆ ತಗೊಳ್ಳಿ. ಇಬ್ಬರಿಗೂ ಬೇಕಾದವರ ಕೈಯಲ್ಲಿ ಕಳಿಸಿ, ಉತ್ತರಕ್ಕೆ ಪೀಡಿಸಬೇಡಿ.

ಪ್ರಾರ್ಥನೆಯಲ್ಲೂ ‘ಅವಳನ್ನು ವಾಪಸ್ ಕೊಡು’ ಬಿಟ್ಟು ‘ಅವಳಿಗೆ ನೆಮ್ಮದಿ ಕೊಡು, ನನ್ನ ನಾಲಿಗೆ ತಿದ್ದು’ ಅನ್ನಿ. ಅವಳು ಮರಳುತ್ತಾಳೆ ಅಂತ ಯಾರೂ ಗ್ಯಾರಂಟಿ ಕೊಡಲಾರರು. ನನಗೆ ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ‘ಬೇಡ’ ಅಂದರೆ ಅಲ್ಲಿಗೇ ಬಿಡಿ.